ಲಾರಿ ಡ್ರೈವರ್ ನಮ್ಮಪ್ಪ

(ಸುವರ್ಣ ಮಹೋತ್ಸವದ ಎರಡನೆಯ ದಿನ ಪಾಲಕರ ನೆನಪಿನ ಗೋಷ್ಠಿಯಲ್ಲಿ ಆಡಿದ ಮಾತುಗಳ ಬರಹರೂಪ)



ನಮ್ಮ ಶಾಲೆಗೆ ಐವತ್ತು ವರ್ಷ ತುಂಬಿದ ಈ ಹಬ್ಬದಲ್ಲಿ ನಿನ್ನೆಯಿಂದ ಗುರುಗಳನ್ನು ನೆನೆದೆವು, ದಾನಿಗಳನ್ನು ನೆನೆದೆವು, ದೊಡ್ಡ ಹುದ್ದೆಗೆ ಹೋದ ಹಳೆಯ ವಿದ್ಯಾರ್ಥಿಗಳನ್ನು ಸನ್ಮಾನಿಸಿದೆವು. ಇವತ್ತಿನ ಗೋಷ್ಠಿಗೆ ಸಮಿತಿಯವರು ಬೇರೆ ವಿಷಯ ಕೊಟ್ಟಿದ್ದಾರೆ. ತಾವು ಈ ಶಾಲೆಯ ಮೆಟ್ಟಿಲು ಹತ್ತದೆಯೂ ಮಕ್ಕಳನ್ನು ಇಲ್ಲಿಗೆ ಕಳಿಸಿದ ತಂದೆತಾಯಿಗಳ ಬಗ್ಗೆ ಮಾತಾಡಿ ಎಂದಿದ್ದಾರೆ. ನಾನು ನಮ್ಮಪ್ಪನ ಬಗ್ಗೆ ಮಾತಾಡುತ್ತೇನೆ. ಅವನು ಲಾರಿ ಡ್ರೈವರ್. ಮೂವತ್ತೊಂದು ವರ್ಷ ಬ್ಯಾಡಗಿಯ ಮೆಣಸಿನಕಾಯಿ ಹೇರಿಕೊಂಡು ಮುಂಬಯಿ ದಾರಿ ತುಳಿದವನು. ಇಲ್ಲಿ ಕುಳಿತ ಹಿರಿಯರಲ್ಲಿ ಬಹಳ ಮಂದಿ ಅವನನ್ನು ‘ಡ್ರೈವರಣ್ಣ’ ಎಂದೇ ಕರೆಯುತ್ತಿದ್ದಿರಿ.

ಅಪ್ಪ ಹುಟ್ಟಿದ್ದು ಇದೇ ಊರಿನಲ್ಲಿ. ಆಗ ನಾವು ಮುಂಬಯಿ ಪ್ರಾಂತಕ್ಕೆ ಸೇರಿದ್ದ ಧಾರವಾಡ ಜಿಲ್ಲೆಯವರು; ಹಾವೇರಿ ಜಿಲ್ಲೆ ಆದದ್ದು 1997ರಲ್ಲಿ. ಊರಲ್ಲಿ ಏಳನೆಯ ಇಯತ್ತೆಯವರೆಗೆ ಮಾತ್ರ ಸಾಲಿ. ಮುಲ್ಕಿ ಪರೀಕ್ಷೆಗೆ ಕೂಡುವ ವರ್ಷವೇ ನಮ್ಮ ಅಜ್ಜ ತೀರಿಕೊಂಡ. ಎರಡು ಎಕರೆ ಮಳೆಯಾಶ್ರಿತ ಹೊಲ, ಮೂವರು ತಮ್ಮ ತಂಗಿಯರು. ಅಪ್ಪ ಪಾಟಿಚೀಲ ಗೂಟಕ್ಕೆ ನೇತುಹಾಕಿ ಬ್ಯಾಡಗಿ ಪೇಟೆಗೆ ಹೋಗಿ ಒಂದು ಲಾರಿಯ ಕ್ಲೀನರ್ ಆದ.

ಕ್ಲೀನರ್ ಎಂದರೆ ಏನೆಂದು ಇಂದಿನ ಮಕ್ಕಳಿಗೆ ಗೊತ್ತಿರಲಿಕ್ಕಿಲ್ಲ. ಗಾಜು ಒರೆಸುವುದಷ್ಟೇ ಅಲ್ಲ. ರೇಡಿಯೇಟರಿಗೆ ನೀರು ಹಾಕಬೇಕು, ಸ್ಟೆಪ್ನಿ ಇಳಿಸಬೇಕು, ಜಾಕ್ ಹಚ್ಚಬೇಕು, ಲೋಡಿನ ಮೇಲೆ ತಾಡಪತ್ರಿ ಹೊದಿಸಿ ಹಗ್ಗ ಬಿಗಿಯಬೇಕು, ಘಾಟಿನಲ್ಲಿ ಗಾಡಿ ನಿಂತರೆ ಕೆಳಗೆ ಹಾರಿ ಗಾಲಿಗೆ ಕಲ್ಲು ಕೊಡಬೇಕು, ರಾತ್ರಿ ಡ್ರೈವರನ ಕಣ್ಣು ಎಳೆಯದ ಹಾಗೆ ಮಾತಾಡುತ್ತ ಕೂಡಬೇಕು. ಆರೇಳು ವರ್ಷ ಅಪ್ಪ ಇದನ್ನೆಲ್ಲ ಮಾಡಿದ. ಆಗ ಟಾಟಾ ಕಂಪನಿ ಜರ್ಮನಿಯ ಬೆಂಜ್ ಕಂಪನಿಯ ಜೊತೆ ಸೇರಿ ಲಾರಿ ಮಾಡುತ್ತಿತ್ತು. 1954ರಲ್ಲಿ ಆದ ಆ ಒಪ್ಪಂದ 1969ರಲ್ಲಿ ಮುಗಿದು ಲಾರಿಯ ಮೂತಿಯ ಮೇಲಿದ್ದ ಬೆಂಜ್ ನಕ್ಷತ್ರ ಹೋಗಿ ಟಾಟಾದ ‘ಟಿ’ ಬಂತು. ನಮ್ಮ ಕಡೆಯ ಡ್ರೈವರುಗಳು ಮಾತ್ರ ಆಮೇಲೂ ಬಹಳ ವರ್ಷ ಅದನ್ನು ‘ಬೆಂಜ್ ಗಾಡಿ’ ಎಂದೇ ಕರೆದರು. ಅಪ್ಪ ಕಲಿತದ್ದು ಅಂಥ ಗಾಡಿಯ ಮೇಲೆ. ಈಗಿನ ಹಾಗೆ ಒಂದು ಬೆರಳಿನಲ್ಲಿ ತಿರುಗುವ ಪವರ್ ಸ್ಟೇರಿಂಗ್ ಅಲ್ಲ. ತಿರುವಿನಲ್ಲಿ ಎದೆ ಒತ್ತಿ ತಿರುಗಿಸಬೇಕು. ಗೇರು ಬದಲಿಸಲು ಎರಡು ಸಲ ಕ್ಲಚ್ ಒತ್ತಬೇಕು. ಎಂಜಿನ್ನಿನ ಕಾವು ಕಾಲಿಗೆ ಹೊಡೆಯುತ್ತಿತ್ತು. ಅಪ್ಪನ ಎಡಗಾಲಿನ ಮೀನಖಂಡ ಬಲಗಾಲಿನದಕ್ಕಿಂತ ದಪ್ಪವಿತ್ತು. ಚಿಕ್ಕಂದಿನಲ್ಲಿ ನಾವು ಅದನ್ನು ಮುಟ್ಟಿ ನೋಡಿ ನಗುತ್ತಿದ್ದೆವು.

ಬ್ಯಾಡಗಿ ಮೆಣಸಿನಕಾಯಿ ನಿಮಗೆ ಹೊಸದಲ್ಲ. ಖಾರ ಕಡಿಮೆ, ಬಣ್ಣ ಜಾಸ್ತಿ, ಮೈಯೆಲ್ಲ ಸುಕ್ಕು. 2011ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿತು. ಆದರೆ ಅದನ್ನು ಹೇರುವವನ ಕಷ್ಟ ಬೇರೆ. ಕಬ್ಬಿಣ, ಸಿಮೆಂಟು ಭಾರ ಇರುತ್ತವೆ, ಎತ್ತರ ಇರುವುದಿಲ್ಲ. ಮೆಣಸಿನಕಾಯಿ ಹಗುರ, ಆದರೆ ಜಾಗ ತಿನ್ನುತ್ತದೆ. ಬಾಡಿಗೆ ಗಿಟ್ಟಬೇಕಾದರೆ ಚೀಲದ ಮೇಲೆ ಚೀಲ ಏರಿಸಬೇಕು. ಆ ಎತ್ತರದ ಲೋಡು ಗಾಳಿಗೆ ಹೊಯ್ದಾಡುತ್ತದೆ, ತಿರುವಿನಲ್ಲಿ ವಾಲುತ್ತದೆ. ಹಗ್ಗ ಎಲ್ಲಿ ಬಿಗಿಯಬೇಕು, ಎಲ್ಲಿ ಸಡಿಲ ಬಿಡಬೇಕು ಎನ್ನುವುದೇ ಒಂದು ವಿದ್ಯೆ. ಮಳೆ ಹನಿ ಒಳಗೆ ಇಳಿದರೆ ಕಾಯಿಗೆ ಬೂಸರು ಹತ್ತಿ ಅಡತಿ ಅಂಗಡಿಯವರು ದರ ಕಡಿಯುತ್ತಾರೆ. ಆ ನಷ್ಟ ಕಡೆಗೆ ಡ್ರೈವರನ ತಲೆಗೇ ಬರುತ್ತಿತ್ತು. ಇದರ ಮೇಲೆ ಘಾಟು. ಅಪ್ಪ ಮನೆಗೆ ಬಂದರೆ ಅವನಿಗಿಂತ ಮೊದಲು ಅವನ ಅಂಗಿಯ ಘಾಟು ಬರುತ್ತಿತ್ತು. ನಾವು ಸೀನುತ್ತಲೇ ಓಡಿಹೋಗಿ ಅಪ್ಪಿಕೊಳ್ಳುತ್ತಿದ್ದೆವು.

ಅವ್ವನ ದುಡಿಮೆಯೂ ಅದೇ ಕಾಯಿಯ ಮೇಲೆ. ಸುಗ್ಗಿಯ ಕಾಲಕ್ಕೆ ಅವಳು ಊರಿನ ಇತರ ಹೆಣ್ಣುಮಕ್ಕಳ ಜೊತೆ ಬ್ಯಾಡಗಿಗೆ ಹೋಗಿ ಕಾಯಿಯ ತೊಟ್ಟು ಬಿಡಿಸುತ್ತಿದ್ದಳು. ಸಂಜೆ ಬಂದು ಕೈಗೆ ಎಣ್ಣೆ ಸವರಿಕೊಂಡು ರೊಟ್ಟಿ ತಟ್ಟುತ್ತಿದ್ದಳು. ಆ ಬೆರಳಿನಿಂದ ನಮ್ಮ ಕಣ್ಣು ಒರೆಸಲಿಕ್ಕೂ ಅವಳಿಗೆ ಬರುತ್ತಿರಲಿಲ್ಲ, ಸೆರಗಿನಿಂದ ಒರೆಸುತ್ತಿದ್ದಳು. ಅವ್ವ ತೊಟ್ಟು ತೆಗೆದ ಕಾಯಿಯನ್ನು ಅಪ್ಪ ಮುಂಬಯಿಗೆ ಒಯ್ದ. ನಾವು ಮೂವರು ಮಕ್ಕಳು ಓದಿದ್ದು ಇದರ ಮೇಲೆ.

ಮುಂಬಯಿ ಇಲ್ಲಿಂದ 650 ಕಿಲೋಮೀಟರಿಗೂ ಹೆಚ್ಚು. ಆಗ ರಾಷ್ಟ್ರೀಯ ಹೆದ್ದಾರಿ ನಾಲ್ಕು ಎಂದರೆ ಎದುರು ಬದುರು ಎರಡು ಗಾಡಿ ಹಾಯುವಷ್ಟು ಡಾಂಬರು, ಎರಡೂ ಕಡೆ ಹುಣಸೆ, ಬೇವಿನ ಮರ. ಹೋಗಲು ಎರಡು ದಿನ, ಇಳಿಸಲು ಒಂದು ದಿನ, ರಿಟರ್ನ್ ಲೋಡು ಸಿಗಲು ಎಷ್ಟು ದಿನವೋ. ಮೊದಲು ಮಸ್ಜಿದ್ ಬಂದರಿನ ಇಕ್ಕಟ್ಟು ಓಣಿಗಳಿಗೆ ಇಳಿಸುತ್ತಿದ್ದರು, ಆಮೇಲೆ ಮಸಾಲೆ ಪೇಟೆ ವಾಶಿಗೆ ಹೋಯಿತು. ಖಾಲಿ ಗಾಡಿ ತಂದರೆ ಮಾಲೀಕನಿಗೆ ನಷ್ಟ. ಅದಕ್ಕೆ ಟ್ರಾನ್ಸ್‌ಪೋರ್ಟ್ ಆಫೀಸಿನ ಮುಂದೆ ಲೋಡಿಗಾಗಿ ಕಾಯುತ್ತ ಲಾರಿಯ ಕೆಳಗೇ ಸ್ಟೋ ಹಚ್ಚಿ ಅನ್ನ ಮಾಡಿಕೊಂಡು, ಲಾರಿಯ ಕೆಳಗೇ ಮಲಗಿ ಏಳುತ್ತಿದ್ದರು. ನನ್ನ ತಮ್ಮ ಹುಟ್ಟಿದ ಸುದ್ದಿ ಅಪ್ಪನಿಗೆ ತಲುಪಿದ್ದು ಒಂಬತ್ತನೆಯ ದಿನ. ಎದುರಿಗೆ ಬಂದ ನಮ್ಮ ಕಡೆಯ ಲಾರಿಯೊಂದರ ಡ್ರೈವರು ಕರಾಡದ ಹತ್ತಿರ ಗಾಡಿ ನಿಲ್ಲಿಸಿ ಕೂಗಿ ಹೇಳಿದನಂತೆ. ಮನೆಗೆ ಬಂದಾಗ ಅಪ್ಪನ ಕೈಯಲ್ಲಿ ಕೊಲ್ಲಾಪುರದ ಬೆಲ್ಲದ ಮುದ್ದೆ ಇತ್ತು.

ಇನ್ನು ಶಾಲೆಗೆ ಬರುತ್ತೇನೆ. ಈ ಪ್ರೌಢಶಾಲೆ ಮಂಜೂರಾದಾಗ ಕಟ್ಟಡ ಇರಲಿಲ್ಲ. ಗುಡಿಯ ಪೌಳಿಯಲ್ಲಿ ಎಂಟನೆಯ ತರಗತಿ ಶುರುವಾಯಿತು. ಊರವರು ಸೇರಿ ಎರಡು ಕೋಣೆ ಎಬ್ಬಿಸೋಣ ಎಂದರು. ಕಲ್ಲು ಕೊಟ್ಟವರು, ಮರ ಕೊಟ್ಟವರು, ಗೋಡೆಗೆ ಮಣ್ಣು ಹೊತ್ತವರು ನಿಮ್ಮಲ್ಲಿ ಕೆಲವರ ಮನೆಯ ಹಿರಿಯರೇ. ಅಪ್ಪನ ಕೈಯಲ್ಲಿ ದುಡ್ಡು ಇರಲಿಲ್ಲ, ಲಾರಿಯೂ ಅವನದಲ್ಲ. ಅವನು ಮಾಲೀಕನ ಹತ್ತಿರ ಹೋಗಿ, ಎರಡು ರಜೆ ದಿನಗಳ ಮಟ್ಟಿಗೆ ಗಾಡಿ ಕೊಡಿ, ಡೀಸೆಲ್ ಊರವರು ಹಾಕುತ್ತಾರೆ, ನನ್ನ ಎರಡು ಟ್ರಿಪ್ಪಿನ ಬಾಟಾ ಹಿಡಿದುಕೊಳ್ಳಿ ಎಂದು ಕೇಳಿದ. ಹೀಗೆ ಕಲ್ಲು, ಹೆಂಚು ಬಂದವು. ಇವತ್ತು ಕಚೇರಿಯ ಹಿಂದೆ ಉಗ್ರಾಣವಾಗಿರುವ ಹಳೆಯ ಕೋಣೆಯ ಹೆಂಚು ಅವೇ. ಹೆಂಚು ಇಳಿಸುವಾಗ ಒಡೆಯಬಾರದೆಂದು ಅಪ್ಪ ಲಾರಿಗೆ ಎರಡು ಗಾಡಿ ಹುಲ್ಲು ಹಾಸಿದ್ದ ಎಂದು ಹಿರಿಯರು ಹೇಳುತ್ತಾರೆ.

ನನಗೆ ಚೆನ್ನಾಗಿ ನೆನಪಿರುವುದು ನಾನು ಒಂಬತ್ತನೆಯಲ್ಲಿದ್ದಾಗಿನ ಮಾತು. ಸಮಾಜ ವಿಷಯದ ಗುರುಗಳು ಕೃಷ್ಣಾ ನದಿಯ ಪಾಠ ಮಾಡುತ್ತಿದ್ದರು. ನಮಗೆ ಯಾರಿಗೂ ನಕಾಶೆ ತಲೆಗೆ ಹೋಗಲೊಲ್ಲದು. ಅಪ್ಪ ಊರಲ್ಲಿದ್ದಾನೆಂದು ತಿಳಿದು ಗುರುಗಳು ಮನೆಗೆ ಹೇಳಿಕಳಿಸಿದರು. ಅಪ್ಪ ಬಿಳಿ ಅಂಗಿ ತೊಟ್ಟು ಬಂದ, ಬಾಗಿಲ ಹೊರಗೆ ಚಪ್ಪಲಿ ಬಿಟ್ಟು ಒಳಗೆ ಬಂದು ಕೈಕಟ್ಟಿ ನಿಂತ. ಗುರುಗಳು ಸೀಮೆಸುಣ್ಣ ಕೊಟ್ಟು, “ನೀವು ಮುಂಬಯಿಗೆ ಹೋಗೂ ದಾರಿ ಬರೀರಿ” ಎಂದರು. ಅಪ್ಪ ಕೆಳಗಿನಿಂದ ಮೇಲಕ್ಕೆ ಒಂದು ಗೆರೆ ಎಳೆದ. ಆಮೇಲೆ ಅದಕ್ಕೆ ಅಡ್ಡ ಗೆರೆ ಎಳೆಯುತ್ತ ಹೇಳುತ್ತ ಹೋದ. ಎಂ.ಕೆ. ಹುಬ್ಬಳ್ಳಿ ಹತ್ತಿರ ಮಲಪ್ರಭೆ ಹಾಯಬೇಕು. ಬೆಳಗಾವಿ ದಾಟಿದ ಮೇಲೆ ಘಟಪ್ರಭೆ. ನಿಪ್ಪಾಣಿಯ ಹತ್ತಿರ ವೇದಗಂಗೆ, ಅಲ್ಲಿ ತಂಬಾಕಿನ ಹೊಲ. ಕೊಗನೊಳ್ಳಿಯಲ್ಲಿ ಚೆಕ್‌ಪೋಸ್ಟು, ಅಲ್ಲೇ ದೂಧಗಂಗೆ. ಕೊಲ್ಲಾಪುರಕ್ಕೆ ಪಂಚಗಂಗೆ, ಎರಡೂ ಕಡೆ ಕಬ್ಬು, ಬೆಲ್ಲದ ಗಾಣ. ಕರಾಡ ದಾಟಿ ಮುಂದೆ ಕೃಷ್ಣೆ. ಸಾತಾರಾ ಬಿಟ್ಟು ಮುಂದೆ ಖಂಬಾಟಕಿ ಘಾಟು, ಪುಣೆಗೆ ಮೊದಲು ಕಾತ್ರಜ ಘಾಟು, ಆಮೇಲೆ ಖಂಡಾಲಾ ಇಳಿದರೆ ಬೆವರು ಬರುವ ಗಾಳಿ. ಆಗ ಸಮುದ್ರ ಹತ್ತಿರ ಬಂತೆಂದು ತಿಳಿಯಬೇಕು.

ಗುರುಗಳು ಎದ್ದು ಬಂದು ಅಪ್ಪನ ಗೆರೆಗಳನ್ನೆಲ್ಲ ಒಂದಕ್ಕೊಂದು ಕೂಡಿಸಿದರು. “ನೋಡ್ರಪಾ, ಇವರು ಆರು ಹೊಳಿ ಹೇಳಿದರು. ಬಾಕಿ ಐದೂ ಹೋಗಿ ಕೃಷ್ಣೆಯನ್ನೇ ಕೂಡತಾವು” ಎಂದರು. ಅಪ್ಪ ಸ್ವಲ್ಪ ಹೊತ್ತು ಹಲಗೆ ನೋಡುತ್ತ ನಿಂತ. “ಇಷ್ಟ ವರ್ಷ ಸೇತುವೆ ಮ್ಯಾಲ ಹಾದೇನ್ರಿ ಸರ್, ಇವೆಲ್ಲಾ ಒಂದ ಹೊಳಿ ಅಂತ ಇವತ್ತ ತಿಳೀತು” ಎಂದ. ಕಲಿಸಲು ಬಂದವನು ಕಲಿತುಕೊಂಡು ಹೋದ. ಆ ವರ್ಷ ಪರೀಕ್ಷೆಯಲ್ಲಿ ಕೃಷ್ಣೆಯ ಉಪನದಿಗಳ ಪ್ರಶ್ನೆಯನ್ನು ನಮ್ಮ ವರ್ಗದಲ್ಲಿ ಯಾರೂ ಬಿಡಲಿಲ್ಲ.

ಈಗ ನಮ್ಮ ಮನೆಯ ಕಷ್ಟದ ವರ್ಷದ ಮಾತು. ಅದು ಇದಕ್ಕೂ ಮೊದಲಿನದು. ನನ್ನ ಅಕ್ಕ ಈ ಶಾಲೆಯ ಮೊದಮೊದಲ ತಂಡದ ಹುಡುಗಿ. ಅವಳ ವರ್ಗದಲ್ಲಿ ಹೆಣ್ಣುಮಕ್ಕಳು ನಾಲ್ವರೇ. ಅವಳು ಹತ್ತನೆಯಲ್ಲಿದ್ದಾಗ ದೀಪಾವಳಿ ಆದ ಮೇಲೆ ಒಂದು ದಿನ, ಅಪ್ಪ ಲೋಡಿನ ಮೇಲೆ ನಿಂತು ಹಗ್ಗ ಎಳೆಯುವಾಗ ಹಳೆಯ ಹಗ್ಗ ಹರಿದು ಮೇಲಿಂದ ಕೆಳಗೆ ಬಿದ್ದ. ಬಲಗಾಲಿನ ಎಲುಬು ಎರಡು ಕಡೆ ಮುರಿಯಿತು. ನಾಲ್ಕು ತಿಂಗಳು ಹಾಸಿಗೆ. ಆಗ ಅವನು ದುಡಿಯುತ್ತಿದ್ದ ಮಾಲೀಕ ಒಂದು ಸಲ ಬಂದು ಸ್ವಲ್ಪ ದುಡ್ಡು ಕೊಟ್ಟು ಹೋದ. ಮುಂದಿನ ವಾರ ಗಾಡಿಗೆ ಬೇರೆ ಡ್ರೈವರ್ ಹತ್ತಿದ. ಅಪ್ಪ ಅಲ್ಲಿ ದುಡಿದದ್ದಕ್ಕೆ ಒಂದು ಚೀಟಿ ಕೂಡ ನಮ್ಮ ಮನೆಯಲ್ಲಿ ಇರಲಿಲ್ಲ.

ಈ ಮಾತನ್ನು ಯಾರನ್ನೂ ದೂರಲು ಹೇಳುತ್ತಿಲ್ಲ. ಕಾನೂನು ಆಗ ಏನಿತ್ತು ಎಂಬುದನ್ನು ನಾನು ದೊಡ್ಡವನಾದ ಮೇಲೆ ಓದಿ ತಿಳಿದೆ, ಅದನ್ನು ನಿಮಗೆ ಹೇಳಬೇಕು. ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ 1961ರದು. ದಿನಕ್ಕೆ ಎಂಟು ತಾಸು, ವಾರಕ್ಕೆ 48 ತಾಸು ದುಡಿಮೆ, ಐದು ತಾಸಿಗೊಮ್ಮೆ ಅರ್ಧ ತಾಸು ವಿಶ್ರಾಂತಿ ಎಂದು ಅದರಲ್ಲಿ ಬರೆದಿತ್ತು. ಆದರೆ ಆ ಕಾಯ್ದೆ ಐದು ಅಥವಾ ಅದಕ್ಕಿಂತ ಹೆಚ್ಚು ಕೆಲಸಗಾರರಿದ್ದ ಕಡೆಗೆ ಅನ್ವಯವಾಗುತ್ತಿತ್ತು. ಒಂದು ಲಾರಿ, ಎರಡು ಲಾರಿ ಇಟ್ಟವರ ಹತ್ತಿರ ದುಡಿಯುವ ಡ್ರೈವರು ಅದರ ಹೊರಗೇ ಉಳಿಯುತ್ತಿದ್ದ. ನಮ್ಮ ಕಡೆಯ ಹೆಚ್ಚಿನ ಡ್ರೈವರುಗಳು ಅಂಥವರೇ. ಇನ್ನೊಂದು ಕಾಯ್ದೆ ಅದಕ್ಕೂ ಹಳೆಯದು, 1923ರ ಕಾರ್ಮಿಕರ ನಷ್ಟಪರಿಹಾರ ಕಾಯ್ದೆ. ದುಡಿಮೆಯ ವೇಳೆ ಗಾಯವಾದರೆ ಪರಿಹಾರ ಕೇಳುವ ಹಕ್ಕು ಅದರಲ್ಲಿತ್ತು. ಎರಡು ವರ್ಷದೊಳಗೆ ಕೇಳಬೇಕಿತ್ತು. ಅಪ್ಪ ಬಿದ್ದಾಗ ಆ ಕಾಯ್ದೆಗೆ ಐವತ್ತು ವರ್ಷ ದಾಟಿತ್ತು. ಆದರೂ ಅದರ ಹೆಸರು ನಮ್ಮ ಊರಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಮುಲ್ಕಿ ಮುಗಿಸದ ಅಪ್ಪನಿಗೆ ಹೇಗೆ ಗೊತ್ತಿರಬೇಕು?

ಮನೆಗೆ ಬಂದುಹೋಗುವ ಬೀಗರು ಬಿಜ್ಜರೆಲ್ಲ ಒಂದೇ ಮಾತು ಆಡಿದರು. ಹುಡುಗಿಯನ್ನು ಸಾಲಿ ಬಿಡಿಸಿ ಅವ್ವನ ಜೊತೆ ತೊಟ್ಟು ಬಿಡಿಸಲು ಕಳಿಸಿರಿ, ಎರಡು ಕೂಲಿ ಬರುತ್ತದೆ ಎಂದರು. ಅವರು ಕೆಟ್ಟವರಲ್ಲ. ಮನೆಯಲ್ಲಿ ಜೋಳ ತೀರುತ್ತ ಬಂದದ್ದು ಅವರಿಗೆ ಕಾಣುತ್ತಿತ್ತು. ಅಕ್ಕ ಕೂಡ ಎರಡು ದಿನ ಶಾಲೆಗೆ ಹೋಗದೆ ಅವ್ವನ ಜೊತೆ ಹೊರಟುನಿಂತಳು. ಅಪ್ಪ ಹೊರಸಿನ ಮೇಲೆ ಮಲಗಿದ್ದವನು ಎದ್ದು ಕೂಡಲು ನೋಡಿದ. “ಮುರದದ್ದು ನನ್ನ ಕಾಲು. ಅಕೀ ಸಾಲಿ ಯಾಕ ಮುರೀತೀರಿ?” ಎಂದ. ಅಷ್ಟೇ ಮಾತು. ಅಕ್ಕನನ್ನು ಕರೆದು, “ಚೀಲ ತಗೊಂಡ ನಡಿಯವ್ವಾ” ಎಂದ.

ಮಾತು ಆಡುವುದು ಸುಲಭ, ನಡೆಸುವುದು ಕಷ್ಟ. ಅದನ್ನು ನಡೆಸಿದ್ದು ಅವ್ವ. ಅವಳು ಬೆಳಿಗ್ಗೆ ತೊಟ್ಟು ಬಿಡಿಸಲು ಹೋಗಿ ಬಂದು ರಾತ್ರಿ ಮನೆಯಲ್ಲೇ ಕೌದಿ ಹೊಲಿದಳು. ಎಮ್ಮೆಯ ಹಾಲನ್ನು ನಮಗೆ ಹಾಕದೆ ಮಾರಿದಳು. ಪರೀಕ್ಷೆಯ ಫೀ ಕಟ್ಟುವ ಕಡೆಯ ದಿನ ಆಗಿನ ಹೆಡ್ ಮಾಸ್ತರರು ನಮ್ಮ ಮನೆಗೆ ಬಂದು ಅಪ್ಪನ ಹೊರಸಿನ ಪಕ್ಕದಲ್ಲಿ ಕುಳಿತು, “ಫೀ ಕಟ್ಟಿ ಆಗೇತಿ, ಅದರ ಚಿಂತಿ ಬಿಡ್ರಿ” ಎಂದು ಹೇಳಿಹೋದರು. ಅಪ್ಪ ಕಾಲು ಊರಿ ಮತ್ತೆ ದುಡಿಯಲು ಹತ್ತಿದ ಮೊದಲ ತಿಂಗಳೇ ಆ ದುಡ್ಡು ಒಯ್ದು ಕೊಟ್ಟ. ಅವರು ತೆಗೆದುಕೊಳ್ಳಲಿಲ್ಲ. ಅದನ್ನು ಶಾಲೆಗೆ ಭಾರತದ ನಕಾಶೆ ಕೊಳ್ಳಲು ಹಾಕಿದರು. ನಾನು ಹೇಳಿದ ಕೃಷ್ಣಾ ನದಿಯ ಪಾಠ ನಡೆದಾಗ ಗೋಡೆಯ ಮೇಲೆ ತೂಗಿದ್ದು ಅದೇ ನಕಾಶೆ.

ಅಕ್ಕ ಸೆಕೆಂಡ್ ಕ್ಲಾಸಿನಲ್ಲಿ ಪಾಸಾದಳು. ಮುಂದೆ ಟಿ.ಸಿ.ಎಚ್. ಮಾಡಿ ಸರಕಾರಿ ಪ್ರಾಥಮಿಕ ಶಾಲೆಯ ಶಿಕ್ಷಕಿಯಾದಳು. ಮೂವತ್ತಾರು ವರ್ಷ ಮಕ್ಕಳಿಗೆ ಅಕ್ಷರ ಕಲಿಸಿ ಈಗ ನಿವೃತ್ತಳಾಗಿದ್ದಾಳೆ. ಅಲ್ಲಿ ಮೂರನೆಯ ಸಾಲಿನಲ್ಲಿ ಕುಳಿತಿದ್ದಾಳೆ. ಅವಳ ಕೈಯಲ್ಲಿ ಅಕ್ಷರ ಕಲಿತವರು ಈ ಪೆಂಡಾಲಿನಲ್ಲೂ ಇದ್ದೀರಿ.

ಅಪ್ಪ ಆಮೇಲೂ ಹದಿನೈದು ವರ್ಷ ಗಾಡಿ ಓಡಿಸಿದ. ಅವನ ಕೆಲಸದ ರೀತಿಯ ಬಗ್ಗೆ ಒಂದೇ ಒಂದು ಮಾತು ಹೇಳುತ್ತೇನೆ. ರಸ್ತೆಯಲ್ಲಿ ಲಾರಿ ಕೆಟ್ಟು ನಿಂತರೆ ಹಿಂದೆ ಬರುವವರಿಗೆ ತಿಳಿಯಲೆಂದು ನಾಲ್ಕು ಕಲ್ಲು ಇಟ್ಟು, ಹಸಿರು ಟೊಂಗೆ ಮುರಿದು ಹಾಕುತ್ತಾರೆ. ಗಾಡಿ ರಿಪೇರಿಯಾದ ಕೂಡಲೇ ಹೊರಡುವ ಅವಸರ. ಕಲ್ಲು ಅಲ್ಲೇ ಉಳಿಯುತ್ತವೆ. ರಾತ್ರಿ ಸೈಕಲ್ಲಿನವನೋ, ಮೋಟರ್‌ಸೈಕಲ್ಲಿನವನೋ ಅದಕ್ಕೆ ಬಡಿದು ಬೀಳುತ್ತಾನೆ. ಅಪ್ಪ ಒಂದು ಸಲವೂ ಕಲ್ಲು ಬಿಟ್ಟು ಬಂದವನಲ್ಲ. ಮಳೆ ಇರಲಿ, ನಡುರಾತ್ರಿ ಇರಲಿ, ಕ್ಲೀನರನಿಗೆ, “ಹಿಂದ ಬರಾಂವಗೂ ಮನಿ ಐತಿ, ಕಲ್ಲ ತಗದ ಹತ್ತು” ಎನ್ನುತ್ತಿದ್ದ. ಬೇರೆ ಗಾಡಿಯವರು ಬಿಟ್ಟುಹೋದ ಕಲ್ಲು ಕಂಡರೂ ನಿಲ್ಲಿಸಿ ತೆಗೆಸುತ್ತಿದ್ದ. ಒಂದು ಸಲ ಹೀಗೆ ನಿಲ್ಲಿಸಿದ್ದಕ್ಕೆ ತಡವಾಗಿ, ಇಳಿಸುವ ಸರದಿ ತಪ್ಪಿ ಒಂದು ದಿನದ ಬಾಟಾ ಹೋಯಿತು. ಅದಕ್ಕೆ ಅವನು ಬೇಸರಪಡಲಿಲ್ಲ.

ಮನೆಯಲ್ಲಿದ್ದ ದಿನ ಅವನು ನಮ್ಮ ಪಾಟಿ, ಪುಸ್ತಕ ತಿರುವಿ ಹಾಕುತ್ತಿದ್ದ. ಏನು ಓದುತ್ತಾನೆ ಎಂದು ನಾವು ನೋಡಿದರೆ ಲೆಕ್ಕದ ಪುಸ್ತಕ. ಟನ್ನಿನ ಲೆಕ್ಕ, ಲೀಟರಿಗೆ ಎಷ್ಟು ಕಿಲೋಮೀಟರಿನ ಲೆಕ್ಕ ಅವನಿಗೆ ಬಾಯಲ್ಲೇ ಬರುತ್ತಿತ್ತು. ಕನ್ನಡವಲ್ಲದೆ ಮರಾಠಿ, ಹಿಂದಿ ಆಡುತ್ತಿದ್ದ. ಮಹಾನವಮಿಗೆ ಎಲ್ಲಿದ್ದರೂ ಊರಿಗೆ ಬಂದು ಗಾಡಿ ತೊಳೆದು, ಚೆಂಡುಹೂ ಕಟ್ಟಿ, ಗಾಲಿಗೆ ಲಿಂಬೆಹಣ್ಣು ಇಟ್ಟು ಪೂಜೆ ಮಾಡುತ್ತಿದ್ದ. ಮರುದಿನ ಬನ್ನಿ ಕೊಡಲು ಮೊದಲು ಬರುತ್ತಿದ್ದದ್ದು ಈ ಶಾಲೆಯ ಗುರುಗಳ ಮನೆಗಳಿಗೆ.

ಕಣ್ಣಿಗೆ ಪೊರೆ ಬಂದ ಮೇಲೆ ಯಾರೂ ಹೇಳುವ ಮೊದಲೇ ಅವನೇ ಸ್ಟೇರಿಂಗ್ ಬಿಟ್ಟ. ಕೊನೆಯ ವರ್ಷಗಳಲ್ಲಿ ಎರಡೆಕರೆ ಹೊಲದಲ್ಲಿ ಮೆಣಸಿನ ಸಸಿ ಹಚ್ಚಿಕೊಂಡಿದ್ದ. “ಮೂವತ್ತ ವರ್ಷ ಹೇರಿದೆ, ಬೆಳದ ನೋಡೂನು” ಎಂದು ನಗುತ್ತಿದ್ದ. ದಾರಿಯ ಮೇಲೆ ಸಾಯಬಾರದು, ಮನೆಯ ಹಾಸಿಗೆಯಲ್ಲಿ ಸಾಯಬೇಕು ಎನ್ನುವುದು ಲಾರಿಯವರೆಲ್ಲರ ಆಸೆ. ಅವನಿಗೆ ಅದು ದಕ್ಕಿತು. ಮಣ್ಣಿಗೆ ಬಂದವರಲ್ಲಿ ಅವನ ಕೈಕೆಳಗೆ ಕ್ಲೀನರ್ ಆಗಿ ಕಲಿತ ಮೂವರು ಡ್ರೈವರುಗಳು ಇದ್ದರು. ಒಬ್ಬ ಪುಣೆಯಿಂದ ರಾತ್ರಿಯೆಲ್ಲ ಗಾಡಿ ಓಡಿಸಿಕೊಂಡು ಬಂದಿದ್ದ. ಅವನು ಅವ್ವನ ಮುಂದೆ ಕುಳಿತು, “ಅವ್ವಾರ, ನಾನೂ ಕಲ್ಲ ತಗದ ಹತ್ತತೇನ್ರಿ” ಎಂದು ಅತ್ತ. ನಮಗೆ ಅಲ್ಲಿಯವರೆಗೆ ಬರದಿದ್ದ ಅಳು ಆಗ ಬಂತು.

ಕಾಲ ಬದಲಾಗಿದೆ. ಹೆದ್ದಾರಿ ಅಗಲವಾಗಿದೆ, ನಾಲ್ಕು ಹೋಗಿ ಅದಕ್ಕೆ ನಲವತ್ತೆಂಟು ಎಂಬ ಅಂಕಿ ಬಂದಿದೆ. 2017ರಲ್ಲಿ ಜಿಎಸ್‌ಟಿ ಬಂದ ಮೇಲೆ ತೆರಿಗೆ ಚೆಕ್‌ಪೋಸ್ಟಿನ ಉದ್ದುದ್ದ ಸರದಿ ತಪ್ಪಿದೆ. 2025ರ ಅಕ್ಟೋಬರಿನಿಂದ ತಯಾರಾಗುವ ಲಾರಿಗಳ ಕ್ಯಾಬಿನ್ನಿಗೆ ಎಸಿ ಇರಲೇಬೇಕೆಂದು ಸರಕಾರ ನಿಯಮ ಮಾಡಿದೆ. ಕೇಳಿದರೆ ಅಪ್ಪ ನಂಬುತ್ತಿರಲಿಲ್ಲ. ಆದರೆ ನಮ್ಮ ಊರಿನಿಂದ ಇವತ್ತೂ ಹುಡುಗರು ಲಾರಿಗೆ, ಟೆಂಪೋಗೆ ಹೋಗುತ್ತಾರೆ. ಅವರ ಮಕ್ಕಳು ಇಲ್ಲಿ ಓದುತ್ತಿದ್ದಾರೆ.

ಅವರಿಗಾಗಿ ಹಳೆಯ ವಿದ್ಯಾರ್ಥಿಗಳ ಸಂಘಕ್ಕೆ ನನ್ನದೊಂದು ಬೇಡಿಕೆ. ಕರ್ನಾಟಕದಲ್ಲಿ ಖಾಸಗಿ ವಾಣಿಜ್ಯ ವಾಹನಗಳ ಚಾಲಕರಿಗೆ ಅಪಘಾತ ಪರಿಹಾರದ ಯೋಜನೆ ಇದೆ. ಅದಕ್ಕೆ ಕಾಗದಪತ್ರ ಬೇಕು: ಚಾಲ್ತಿಯಲ್ಲಿರುವ ಲೈಸೆನ್ಸು, ಆಧಾರ್, ಬ್ಯಾಂಕ್ ಪುಸ್ತಕ. ದುಡಿಮೆಯ ವೇಳೆ ಗಾಯವಾದರೆ ಮಾಲೀಕನಿಂದ ಪರಿಹಾರ ಕೇಳುವ ಹಕ್ಕು ಇವತ್ತಿಗೂ ಇದೆ. ವರ್ಷಕ್ಕೊಂದು ದಿನ, ಮಹಾನವಮಿಗೆ ಅವರೆಲ್ಲ ಊರಿಗೆ ಬಂದಾಗ, ಇದೇ ಶಾಲೆಯ ಒಂದು ಕೋಣೆಯಲ್ಲಿ ಕುಳಿತು ಅವರ ಕಾಗದಪತ್ರ ನೋಡಿಕೊಡೋಣ, ಅರ್ಜಿ ಬರೆದುಕೊಡೋಣ. ನಮ್ಮಲ್ಲಿ ವಕೀಲರಿದ್ದೀರಿ, ಬ್ಯಾಂಕಿನವರಿದ್ದೀರಿ, ತಾಲೂಕು ಕಚೇರಿಯವರಿದ್ದೀರಿ. ಹೆಚ್ಚು ಖರ್ಚಿನ ಕೆಲಸವಲ್ಲ. ಮೊದಲ ವರ್ಷದ ಹೊಣೆ ನಾನೂ ಅಕ್ಕನೂ ಹೊರುತ್ತೇವೆ.

ಮಕ್ಕಳೆ, ನಿಮಗೆ ಹೇಳುವುದು ಇಷ್ಟೇ. ನಿಮ್ಮ ತಂದೆತಾಯಿ ಯಾವ ಕೆಲಸ ಮಾಡುತ್ತಾರೋ ಆ ಕೆಲಸ ಹೇಗೆ ನಡೆಯುತ್ತದೆ ಎಂದು ಅವರನ್ನೇ ಕೂತು ಕೇಳಿರಿ. ಹಗ್ಗ ಬಿಗಿಯುವುದರಲ್ಲಿ, ತೊಟ್ಟು ಬಿಡಿಸುವುದರಲ್ಲಿ, ಎತ್ತು ಹೂಡುವುದರಲ್ಲಿ ಎಷ್ಟು ತಿಳಿವಳಿಕೆ ಇದೆ ಎಂಬುದು ಆಗ ಗೊತ್ತಾಗುತ್ತದೆ. ಅವರಿಗೆ ಗೊತ್ತಿಲ್ಲದ್ದನ್ನು ನೀವು ಓದಿ ಅವರಿಗೆ ಹೇಳಿರಿ. 1923ರ ಕಾಯ್ದೆಯ ಮಾತು ನಮ್ಮಪ್ಪನಿಗೆ ಹೇಳುವವರು ಯಾರೂ ಇರಲಿಲ್ಲ. ನಿಮ್ಮ ಅಪ್ಪನಿಗೆ ಹೇಳಲು ನೀವಿದ್ದೀರಿ.